ಹುಣಸೂರಿನ ಎತ್ತು, ನಿಮ್ಮ ಅಂಗಡಿಯ ಸ್ಟಾಕ್ ಸಾಫ್ಟ್‌ವೇರ್

📍 ಭಾಗ 1/5: ಸೈನ್ಯದ ಸ್ಟೋರ್ ರೂಮ್

ಹುಣಸೂರು ಅಂದ್ರೆ ಇವತ್ತು ನಿಮಗೆ ಏನು ನೆನಪಾಗುತ್ತೆ? ಮರದ ಡಿಪೋ, ಹೊಗೆಸೊಪ್ಪು, ನಾಗರಹೊಳೆಗೆ ಹೋಗೋ ದಾರಿ. ಆದರೆ ಇನ್ನೂರು ವರ್ಷದ ಹಿಂದೆ ಲಕ್ಷ್ಮಣತೀರ್ಥದ ದಡದ ಈ ಊರು ಬ್ರಿಟಿಷ್ ಸೈನ್ಯದ ದೊಡ್ಡ ಉಗ್ರಾಣವಾಗಿತ್ತು. ಸೈನ್ಯಕ್ಕೆ ಸಾಮಾನು ಒದಗಿಸೋ ಕಮಿಸರಿಯೆಟ್ ಇಲಾಖೆ ಇಲ್ಲಿ ಚರ್ಮ ಹದ ಮಾಡೋ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಯಾರ್ಡ್ ನಡೆಸುತ್ತಿತ್ತು. ಅವು ಮುಚ್ಚಿದ ಮೇಲೂ ಹುಣಸೂರಿನ ಬೂಟು, ಚರ್ಮದ ಚೀಲ, ಗಾಡಿಗಳಿಗೆ ಒಳ್ಳೆ ಹೆಸರು ಉಳಿದಿತ್ತು. ಕೈ ಪಳಗಿದ ಕೆಲಸಗಾರರು ಊರಲ್ಲೇ ಇದ್ದರಲ್ಲ!

ಒಂದು ಬೂಟು ಬೇಕು ಅಂದ್ರೆ ಚರ್ಮ ಬೇಕು. ಚರ್ಮ ಹದವಾಗಬೇಕಾದರೆ ತೊಗಟೆ ಬೇಕು, ವಾರಗಟ್ಟಲೆ ಸಮಯ ಬೇಕು. ಒಂದು ಗಾಡಿ ಬೇಕು ಅಂದ್ರೆ ಮೊದಲೇ ಕಡಿದು ಒಣಗಿಸಿದ ಮರ ಬೇಕು. ಹಸಿ ಮರದಲ್ಲಿ ಚಕ್ರ ಮಾಡಿದರೆ ನಾಲ್ಕು ದಿನಕ್ಕೆ ಬಿರುಕು ಬಿಡುತ್ತೆ. ಅಂದರೆ ಇವತ್ತಿನ ಆರ್ಡರ್‌ಗೆ ಬೇಕಾದ ಸಾಮಾನಿನ ಲೆಕ್ಕವನ್ನ ಹೋದ ವರ್ಷವೇ ಹಾಕಿರಬೇಕು. ಈಗ ಮೈಸೂರಿನ ಕಾರ್ಖಾನೆಗಳ ಸ್ಟೋರ್ಸ್‌ನಲ್ಲಿ ಕೂತು ಕಂಪ್ಯೂಟರ್‌ಗೆ ತುಂಬಿಸೋ ಲೆಕ್ಕ ಇದೇ. ಅದಕ್ಕೆ ಹೆಸರು ಎಂಆರ್‌ಪಿ. ಬಿಸ್ಕತ್ತಿನ ಪ್ಯಾಕೆಟ್ ಮೇಲಿನ ಎಂಆರ್‌ಪಿ ಬೇರೆ. ಇದು ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್: ಯಾವ ಸಾಮಾನು, ಎಷ್ಟು, ಯಾವಾಗ ತರಿಸಬೇಕು ಅನ್ನೋ ಲೆಕ್ಕ.

📍 ಭಾಗ 2/5: ಐದು ವರ್ಷದ ಲೀಡ್ ಟೈಮ್

ಹುಣಸೂರಿನ ಅತಿ ದೊಡ್ಡ ಸ್ಟಾಕ್ ಗೋಡೌನಿನಲ್ಲಿ ಇರಲಿಲ್ಲ, ಬಯಲಲ್ಲಿ ಮೇಯುತ್ತಿತ್ತು. ಅದೇ ಅಮೃತಮಹಲ್ ದನ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಇದು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸೋ ಇಲಾಖೆ. ಹೈದರಾಲಿ ಈ ತಳಿಯ ಎತ್ತುಗಳನ್ನ ಫಿರಂಗಿ ಎಳೆಯೋಕೆ ಹೂಡಿದ. ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಇಲಾಖೆಗೆ ಲಿಖಿತ ನಿಯಮ ಮಾಡಿ, ವರ್ಷಕ್ಕೊಮ್ಮೆ ದನಗಳ ಎಣಿಕೆ ನಡೆಸುತ್ತಿದ್ದ. ಸ್ಟಾಕ್ ಆಡಿಟ್ ಅಂತೀವಲ್ಲ, ಅದೇ!

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳ ಗುಣಮಟ್ಟ ಕುಸಿಯಿತು. 1813ರಲ್ಲಿ ಕಮಿಸರಿಯೆಟ್‌ನ ಕ್ಯಾಪ್ಟನ್ ಹಾರ್ವೆ ಕೈಗೆ ಇಲಾಖೆ ಬಂತು. ಇದರ ಕೇಂದ್ರ ಕಚೇರಿ ಇದ್ದದ್ದು ಹುಣಸೂರಿನಲ್ಲಿ.

ಈಗ ಲೆಕ್ಕ ನೋಡಿ. ಹೋರಿಗರು ಬೆಳೆದು ಕೆಲಸದ ಇಲಾಖೆಗೆ ಹೋಗೋ ಹೊತ್ತಿಗೆ ಸುಮಾರು ಐದು ವರ್ಷ. ಏಳರಿಂದ ಹನ್ನೆರಡು ವರ್ಷದವರೆಗೆ ಅದರ ಪೂರ್ತಿ ಕಸುವು. ಹದಿನಾಲ್ಕು ಹದಿನೈದರ ಹೊತ್ತಿಗೆ ದುಡಿಮೆ ಮುಗೀತು. ಆರ್ಡರ್ ಹಾಕಿದ ದಿನದಿಂದ ಮಾಲು ಕೈಗೆ ಬರೋವರೆಗಿನ ಅವಧಿಯನ್ನ ಸಾಫ್ಟ್‌ವೇರ್‌ನಲ್ಲಿ ಲೀಡ್ ಟೈಮ್ ಅಂತಾರೆ. ಫಿರಂಗಿ ಎತ್ತಿನ ಲೀಡ್ ಟೈಮ್ ಐದು ವರ್ಷ!

ಅಷ್ಟು ವರ್ಷ ದನ ಮೇಯಬೇಕಲ್ಲ? ಅದಕ್ಕೇ ಕಾವಲುಗಳು ಇದ್ದದ್ದು. ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ಮೂರು ಬಗೆ. ಬೇಸಿಗೆ ಕಾವಲುಗಳಲ್ಲಿ ಹೆಚ್ಚಿನವು ಕೆರೆಯಂಗಳಗಳು. ಎಲ್ಲೆಡೆ ಹುಲ್ಲು ಒಣಗಿದಾಗ ಅಲ್ಲಿ ಹಸಿರು, ನೆರಳು ಉಳಿದಿರುತ್ತಿತ್ತು.

📍 ಭಾಗ 3/5: ಉಳಿತಾಯ ಅಂತ ಮಾರಿದ್ರು

ಯುದ್ಧ ಇಲ್ಲದ ವರ್ಷ ಫಿರಂಗಿ ಎತ್ತು ಏನು ಮಾಡುತ್ತೆ? ತಿನ್ನುತ್ತೆ. ಲೆಕ್ಕದ ಪುಸ್ತಕದಲ್ಲಿ ಅದು ಬರೀ ಖರ್ಚು.

1860ರಲ್ಲಿ ಮದ್ರಾಸ್ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮಿತವ್ಯಯದ ಕಾರಣ ಕೊಟ್ಟು ಮಂದೆಯನ್ನ ಮಾರಿಸಿಬಿಟ್ಟರು. ಬೇಕಾದಾಗ ಪೇಟೆಯಲ್ಲಿ ಕೊಂಡರಾಯ್ತು ಅನ್ನೋ ಲೆಕ್ಕಾಚಾರ. ಕೆಲವೇ ವರ್ಷದಲ್ಲಿ ಎತ್ತಿನ ಬೆಲೆ ಏರಿತು. ಆ ದರ್ಜೆಯ ಎತ್ತು ದುಡ್ಡು ಕೊಟ್ಟರೂ ಸಿಗದಂತಾಯಿತು. 1866ರಲ್ಲಿ ಸರ್ಕಾರವೇ ಮತ್ತೆ ಮಂದೆ ಕಟ್ಟೋಕೆ ಶುರು ಮಾಡಬೇಕಾಯ್ತು.

ಆರು ವರ್ಷದ ಅಂತರ ತಾನೇ ಅನ್ನಬೇಡಿ. 1866ರಲ್ಲಿ ಹುಟ್ಟಿದ ಕರು ನೊಗಕ್ಕೆ ಬರೋದು 1871ಕ್ಕೆ. ಒಂದು ಸಹಿಯ ಬೆಲೆ ಹನ್ನೊಂದು ವರ್ಷ.

ಇವತ್ತಿನ ಸಾಫ್ಟ್‌ವೇರ್‌ನಲ್ಲಿ ಸೇಫ್ಟಿ ಸ್ಟಾಕ್ ಅಂತ ಒಂದು ಖಾನೆ ಇರುತ್ತೆ. ಅನಾಹುತಕ್ಕೆ ಅಂತ ಪಕ್ಕಕ್ಕಿಟ್ಟ ದಾಸ್ತಾನು. ನಮ್ಮ ಮನೆಗಳಲ್ಲಿ ಮುಂದಿನ ಸುಗ್ಗಿವರೆಗೂ ಮುಟ್ಟಬೇಡಿ ಅಂತ ಅಜ್ಜಿ ಕಟ್ಟಿಟ್ಟ ರಾಗಿ ಮೂಟೆ ಇದ್ದ ಹಾಗೆ. ಟ್ರೆವೆಲಿಯನ್ ಆ ಖಾನೆಯಲ್ಲಿ ಸೊನ್ನೆ ಬರೆದರು, ಅಷ್ಟೆ.

ಮುಂದೆ ಅಮೃತಮಹಲ್ ಮೈಸೂರು ಸರ್ಕಾರಕ್ಕೆ ಮರಳಿತು. ತಳಿ ಸಂವರ್ಧನೆ ಈಗ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

📍 ಭಾಗ 4/5: 1975, ಒಂದೇ ವರ್ಷದಲ್ಲಿ ಎರಡು ಸಂಗತಿ

1975ರಲ್ಲಿ ಅಮೆರಿಕದ ಜೋಸೆಫ್ ಆರ್ಲಿಕಿ ಎಂಆರ್‌ಪಿ ಬಗ್ಗೆ ಪುಸ್ತಕ ತಂದರು. ಅಂತಿಮ ಮಾಲು ಎಷ್ಟು ಬೇಕು ಅನ್ನೋದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ, ಪ್ರತಿ ಬಿಡಿಭಾಗವನ್ನ ಯಾವ ದಿನ ಆರ್ಡರ್ ಮಾಡಬೇಕು ಅಂತ ಕಂಪ್ಯೂಟರ್‌ನಿಂದ ಹೇಳಿಸೋ ವಿಧಾನ.

ಅದೇ 1975ರಲ್ಲಿ ದೆಹಲಿಯಲ್ಲಿ ತಂಬಾಕು ಮಂಡಳಿ ಕಾಯ್ದೆ ಪಾಸಾಯ್ತು. ಎರಡಕ್ಕೂ ನೇರ ನಂಟಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತನ ಮಟ್ಟಿಗೆ ಎರಡೂ ಒಂದೇ ದಾರಿ. ರಫ್ತಿಗೆ, ಸಿಗರೇಟ್ ಕಂಪನಿಗಳಿಗೆ ಎಷ್ಟು ಬೇಕು ಅಂತ ಮೊದಲು ಅಂದಾಜು. ಅದರಿಂದ ರಾಜ್ಯಕ್ಕೆ ಎಷ್ಟು, ಕೊನೆಗೆ ಒಂದು ಬ್ಯಾರನ್‌ಗೆ ಎಷ್ಟು ಕೆ.ಜಿ. ಅಂತ ಹಂಚಿಕೆ. ಗೊಬ್ಬರದ ಖರೀದಿಯೂ ಮಂಡಳಿ ಮೂಲಕ ಒಟ್ಟಿಗೇ ನಡೆಯುತ್ತೆ.

ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಕಗ್ಗುಂಡಿಯ ಹರಾಜು ಮಾರುಕಟ್ಟೆ ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ನೋಡಿರ್ತೀರಿ.

ಆದರೆ ಮೋಡಕ್ಕೆ ಕೋಟಾ ಗೊತ್ತಿಲ್ಲ. ಮಳೆ ಹೆಚ್ಚಾದರೆ ಎಲೆ ಕೊಳೆಯುತ್ತೆ, ರೈತ ಹಾಕಿದ ಗೊಬ್ಬರ, ಕೂಡಿಟ್ಟ ಸೌದೆ ದಂಡ. ಬೆಳೆ ಹೆಚ್ಚು ಬಂದರೆ ಮಿತಿ ಮೀರಿದ ಸೊಪ್ಪಿಗೆ ದಂಡ ಕಟ್ಟಬೇಕು. ಕೆಲವು ವರ್ಷ ಸರ್ಕಾರ ಮನ್ನಾ ಮಾಡಿದ್ದೂ ಉಂಟು. ಯೋಜನೆ ಹಾಕೋರು ಒಂದು ಕಡೆ, ಅದು ತಪ್ಪಿದಾಗ ನಷ್ಟ ಹೊರೋರು ಇನ್ನೊಂದು ಕಡೆ. ಅಮೃತಮಹಲಿನ ಕಥೆಯಲ್ಲಿ ಸರ್ಕಾರದ ತಪ್ಪಿಗೆ ಸರ್ಕಾರವೇ ದುಡ್ಡು ಸುರಿದು ಮಂದೆ ಕಟ್ಟಿತು. ಇಲ್ಲಿ ಹಾಗಾಗೋದಿಲ್ಲ.

📍 ಭಾಗ 5/5: ನಿಮ್ಮ ಸ್ಕ್ರೀನಿಗೆ ಬರೋಣ

ಈಗ ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿಯಲ್ಲೂ ಸ್ಟಾಕ್ ಸಾಫ್ಟ್‌ವೇರ್ ಬಂದಿದೆ. ಎಷ್ಟೋ ಕಡೆ ಅದನ್ನ ಬಿಲ್ ಹೊಡೆಯೋಕೆ ಮಾತ್ರ ಬಳಸ್ತಾರೆ. ಲೀಡ್ ಟೈಮ್, ಸೇಫ್ಟಿ ಸ್ಟಾಕ್ ಖಾನೆಗಳು ಖಾಲಿ, ಇಲ್ಲಾ ಸೊನ್ನೆ.

ತುಂಬೋದು ಕಷ್ಟವೇನಿಲ್ಲ. ಒಂದು ಉದಾಹರಣೆ: ದಿನಕ್ಕೆ 10 ಮೂಟೆ ಗೊಬ್ಬರ ಹೋಗುತ್ತೆ, ಆರ್ಡರ್ ಹಾಕಿದ 6 ದಿನಕ್ಕೆ ಲೋಡ್ ಬರುತ್ತೆ ಅಂದುಕೊಳ್ಳಿ. ಆ 6 ದಿನಕ್ಕೆ 60 ಮೂಟೆ. ಲಾರಿ ತಡವಾದರೆ ಅಂತ ಇನ್ನೂ 20. ಒಟ್ಟು 80. ಸ್ಟಾಕ್ 80ಕ್ಕೆ ಇಳಿದ ದಿನವೇ ಆರ್ಡರ್ ಹೋಗಬೇಕು. ಇದನ್ನೇ ರೀಆರ್ಡರ್ ಪಾಯಿಂಟ್ ಅನ್ನೋದು.

ಆದರೆ ಈ 80 ವರ್ಷಪೂರ್ತಿ ನಡೆಯೋದಿಲ್ಲ. ಮೇ, ಜೂನ್‌ನಲ್ಲಿ ಹೊಗೆಸೊಪ್ಪಿನ ನಾಟಿ ಶುರುವಾದರೆ ದಿನದ ವ್ಯಾಪಾರವೇ ಬೇರೆ. ಕೆ.ಆರ್. ನಗರದ ನಾಲೆಗೆ ನೀರು ಬಿಟ್ಟು ಭತ್ತದ ಕೆಲಸ ಹಿಡಿದಾಗ ಇನ್ನೊಂದು ಲೆಕ್ಕ. ಕಾವಲಿನಲ್ಲಿ ಮೂರು ಕಾಲಕ್ಕೆ ಮೂರು ಬಗೆ ಮಾಡಿದ್ದರಲ್ಲ, ಹಾಗೆ ನೀವೂ ಸೀಸನ್‌ಗೆ ತಕ್ಕಂತೆ ಅಂಕಿ ಬದಲಿಸಬೇಕು. ಒಮ್ಮೆ ತುಂಬಿ ಮರೆತರೆ, ಕಂಪ್ಯೂಟರ್ ಹೋದ ವರ್ಷದ ಮಳೆಗೆ ಈ ವರ್ಷ ಕೊಡೆ ಹಿಡಿಯುತ್ತೆ.

ಇನ್ನೊಂದು ಮಾತು. ಆ ಅಂಕಿ ತುಂಬೋ ಮುಂಚೆ ಗೋಡೌನ್ ಹುಡುಗನನ್ನ, ಲಾರಿ ಡ್ರೈವರನ್ನ ಒಮ್ಮೆ ಕೇಳಿ. 6 ದಿನ ಅಂತ ಕಂಪನಿ ಹೇಳುತ್ತೆ. ಒಂಬತ್ತು ದಿನ ಆಗುತ್ತೆ ಅನ್ನೋದು ಅವರಿಗೆ ಗೊತ್ತಿರುತ್ತೆ.

ನಿಮ್ಮೂರ ಹತ್ತಿರ ಕಾವಲ್ ಅಂತ ಹೆಸರಿರೋ ಜಾಗ ಇದೆಯಾ? ಅಲ್ಲಿ ದನ ಮೇಯುತ್ತಿದ್ದ ಕಾಲದ ಬಗ್ಗೆ ಮನೆ ಹಿರಿಯರು ಏನು ಹೇಳ್ತಾರೆ? ಕಾಮೆಂಟ್‌ನಲ್ಲಿ ಬರೀರಿ. ಸ್ಟೋರ್ಸ್ ಕೆಲಸದಲ್ಲಿರೋ ಗೆಳೆಯರಿಗೆ ಕಳಿಸಿ 🙏🏽

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಅಮೃತಮಹಲ್ #ಮೈಸೂರುಇತಿಹಾಸ