ಸೊನ್ನೆಗಾಗಿ ಕಾದ ಡಾಕ್ಟರು



ಥೈರಾಯ್ಡ್ ರಿಪೋರ್ಟು, ಪ್ರೊಲ್ಯಾಕ್ಟಿನ್ ರಿಪೋರ್ಟು, ಎಂದೋ ಬಸುರಿಯಾಗಿದ್ದಾಗ ಮಾಡಿಸಿದ ರಕ್ತಪರೀಕ್ಷೆಯ ಚೀಟಿ. ನಿಮ್ಮ ಮನೆಯಲ್ಲಿ ಇವೆಲ್ಲ ಎಲ್ಲಿವೆ? ಕೆಲವರಲ್ಲಿ ಫೈಲಿನಲ್ಲಿ, ಕೆಲವರಲ್ಲಿ ಬೀರುವಿನ ಸೀರೆಗಳ ಕೆಳಗೆ. ಚೆನ್ನೈನಿಂದ ಪುಣೆಗೆ, ಪುಣೆಯಿಂದ ದೆಹಲಿಗೆ ವರ್ಗವಾದಾಗ ಎಷ್ಟೋ ಕಾಗದ ರದ್ದಿಗೆ ಸೇರುತ್ತದೆ. "ಹಳೇ ರಿಪೋರ್ಟು ತಾನೆ, ಇನ್ಯಾಕೆ?" ಅಂದುಬಿಡುತ್ತೇವೆ. ಅದರ ಬೆಲೆ ತಿಳಿಯಬೇಕಾದರೆ 1950ರ ದಶಕದ ಅಮೆರಿಕಕ್ಕೆ ಹೋಗಬೇಕು. ದಾರಿಯಲ್ಲಿ ಬರ್ಲಿನ್ನಿನಲ್ಲಿ ಸ್ವಲ್ಪ ಇಳಿದು ಹೋಗೋಣ, ಬನ್ನಿ.

ಗರ್ಭ ನಿಂತ ಮೇಲೆ ಹೆಣ್ಣಿನ ಮೈಯಲ್ಲಿ ಎಚ್.ಸಿ.ಜಿ. ಎಂಬ ಹಾರ್ಮೋನು ಹುಟ್ಟುತ್ತದೆ. ಅದನ್ನು ಮಾಡುವುದು ಮಾಸಿನ ಜೀವಕೋಶಗಳು. ಹೆರಿಗೆಯಲ್ಲಿ ಮಗುವಿನ ಹಿಂದೆಯೇ ಹೊರಬೀಳುತ್ತದಲ್ಲ, ಅದೇ ಮಾಸು. 1927-28ರಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಇದನ್ನು ಪತ್ತೆ ಮಾಡುವ ಉಪಾಯ ಕಂಡುಹಿಡಿದರು. ಹೆಂಗಸಿನ ಮೂತ್ರವನ್ನು ಹೆಣ್ಣು ಇಲಿಮರಿಗಳಿಗೆ ಚುಚ್ಚುವುದು, ಕೆಲವು ದಿನ ಬಿಟ್ಟು ಅವುಗಳ ಅಂಡಾಶಯ ಬಲಿತಿದೆಯೇ ಎಂದು ನೋಡುವುದು. ಬಲಿತಿದ್ದರೆ ಆಕೆ ಬಸುರಿ! ಮೂತ್ರಕ್ಕೆ ನೀರು ಬೆರೆಸುತ್ತಾ ಹೋಗಿ, ಎಷ್ಟು ತೆಳುವಾದರೂ ಇಲಿಯಲ್ಲಿ ಗುಣ ಕಾಣುತ್ತದೆ ಎಂದು ನೋಡಿದರೆ ಹಾರ್ಮೋನಿನ ಪ್ರಮಾಣದ ಅಂದಾಜೂ ಸಿಗುತ್ತಿತ್ತು. ಹೀಗೆ ಈ ಹಾರ್ಮೋನು ಅಂಕಿಯಾಯಿತು.

ಈಗ ಅಮೆರಿಕಕ್ಕೆ. ಬಲು ಅಪರೂಪಕ್ಕೆ ಇದೇ ಮಾಸಿನ ಜೀವಕೋಶಗಳು ಕ್ಯಾನ್ಸರಾಗಿ ತಿರುಗುತ್ತವೆ. ಅದರ ಹೆಸರು ಕೋರಿಯೋಕಾರ್ಸಿನೋಮ. ಅದು ಶ್ವಾಸಕೋಶಕ್ಕೆ ಹರಡಿತೆಂದರೆ ಆ ಕಾಲದಲ್ಲಿ ಉಳಿಯುವವರು ಇರಲಿಲ್ಲವೆಂದೇ ಹೇಳಬೇಕು. ಸಾಯುತ್ತಿದ್ದವರು ಹೆಚ್ಚಾಗಿ ಚಿಕ್ಕ ವಯಸ್ಸಿನ ತಾಯಂದಿರು. 1956ರಲ್ಲಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಚೀನಾ ಮೂಲದ ಡಾ. ಮಿನ್ ಚಿಯು ಲಿ, ಡಾ. ರಾಯ್ ಹರ್ಟ್ಸ್ ಅವರ ಜೊತೆಗೂಡಿ, ಇಂಥ ರೋಗಿಗಳಿಗೆ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಕೊಟ್ಟರು. ಈ ಔಷಧಿಯ ಹಿಂದೆ ನಮ್ಮವರೊಬ್ಬರಿದ್ದಾರೆ, ಗೊತ್ತೇ? ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ಮುಂದಾಳತ್ವದ ತಂಡ ತಯಾರಿಸಿದ ಔಷಧಿ ಇದು. ಈ ಗೆಲುವನ್ನು ನೋಡಲು ಅವರು ಇರಲಿಲ್ಲ. 1948ರಲ್ಲೇ ತೀರಿಕೊಂಡಿದ್ದರು.

ಔಷಧಿ ಕೊಟ್ಟ ಮೇಲೆ ಎಕ್ಸ್‌ರೇಯಲ್ಲಿ ಗಡ್ಡೆಗಳು ಕರಗಿಹೋದವು. ಎಲ್ಲರಿಗೂ ಆಶ್ಚರ್ಯ, ಸಂತೋಷ. ಆದರೆ ಲಿ ಅವರ ಕಣ್ಣು ಮೂತ್ರದ ಅಂಕಿಗಳ ಮೇಲಿತ್ತು. ಎಚ್.ಸಿ.ಜಿ. ಇಳಿದಿತ್ತು, ಸೊನ್ನೆಯಾಗಿರಲಿಲ್ಲ. ಹಾರ್ಮೋನು ಇದೆಯೆಂದರೆ ಅದನ್ನು ಮಾಡುವ ಜೀವಕೋಶ ಎಲ್ಲೋ ಅಡಗಿದೆ ಎಂದೇ ಅರ್ಥವಲ್ಲವೇ? ಹಾಗಾಗಿ ಅಂಕಿ ಪೂರ್ತಿ ಅಳಿಯುವವರೆಗೂ ಅವರು ಔಷಧಿ ನಿಲ್ಲಿಸಲಿಲ್ಲ. ಔಷಧಿಯೋ ಉಗ್ರವಾದದ್ದು. ಗಡ್ಡೆಯೇ ಕಾಣದ ರೋಗಿಗೆ ವಿಷದಂಥ ಔಷಧಿ ಕೊಡುವುದು ಮೇಲಿನವರಿಗೆ ಸರಿಕಾಣಲಿಲ್ಲ. 1957ರಲ್ಲಿ ಲಿ ಕೆಲಸ ಕಳೆದುಕೊಂಡರು.

ಮುಂದೇನಾಯಿತು? ಗಡ್ಡೆ ಮಾಯವಾದೊಡನೆ ಔಷಧಿ ನಿಲ್ಲಿಸಿದವರಲ್ಲಿ ರೋಗ ಮರಳಿತು. ಅಂಕಿ ಸೊನ್ನೆಯಾಗುವವರೆಗೆ ಔಷಧಿ ಪಡೆದವರು ವಾಸಿಯಾಗಿ ಉಳಿದರು. 1972ರಲ್ಲಿ ಲಿ ಮತ್ತು ಹರ್ಟ್ಸ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿಯ ಗೌರವ ಬಂತು.

ಅಷ್ಟರಲ್ಲಿ ಇಲಿಗಳ ಕಾಲ ಮುಗಿಯುತ್ತಾ ಬಂದಿತ್ತು. ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ 1959-60ರಲ್ಲಿ ವಿಕಿರಣದ ಸಹಾಯದಿಂದ ರಕ್ತದಲ್ಲಿನ ಅತಿ ಸೂಕ್ಷ್ಮ ಪ್ರಮಾಣದ ಇನ್ಸುಲಿನ್ ಅಳೆಯುವ ವಿಧಾನ ಕೊಟ್ಟರು. ಇದಕ್ಕಾಗಿ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಅದೇ 1972ರಲ್ಲಿ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು, ಎಚ್.ಸಿ.ಜಿ.ಯನ್ನು ಅದರಂತೆಯೇ ಇರುವ ಎಲ್.ಎಚ್. ಹಾರ್ಮೋನಿನಿಂದ ಬೇರ್ಪಡಿಸಿ ಅಳೆಯುವ ಪರೀಕ್ಷೆ ರೂಪಿಸಿದರು. ಇಂದು ಲ್ಯಾಬಿನವರು ಬೀಟಾ ಎಚ್.ಸಿ.ಜಿ. ಎಂದು ಬರೆದುಕೊಡುವುದರ ಮೂಲ ಇದು.

ಈ ಕಥೆಯಿಂದ ನಮಗೇನು ಲಾಭ ಅನ್ನುತ್ತೀರಾ? ಒಂದು ದಿನದ ಅಂಕಿ ಹೇಳುವುದು ಸ್ವಲ್ಪ. ಹಿಂದಿನದರ ಪಕ್ಕದಲ್ಲಿಟ್ಟು ನೋಡಿದಾಗಲೇ ಏರಿದೆಯೋ ಇಳಿದಿದೆಯೋ ತಿಳಿಯುವುದು. ಆದ್ದರಿಂದ ಊರು ಬಿಡುವಾಗ ರಿಪೋರ್ಟುಗಳೂ ನಿಮ್ಮ ಜೊತೆ ಬರಲಿ, ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ. ಎಫ್.ಎಸ್.ಎಚ್., ಎಲ್.ಎಚ್. ಪರೀಕ್ಷೆಯಾದರೆ ಮುಟ್ಟಿನ ಎಷ್ಟನೇ ದಿನ ರಕ್ತ ಕೊಟ್ಟಿರಿ ಎಂದು ಬರೆದಿಡಿ. ದಿನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ವಿಧಾನ, ಅಳತೆಯ ಮಾನ ಬೇರೆ ಇರಬಹುದು. ಆದಷ್ಟೂ ಒಂದೇ ಲ್ಯಾಬಿಗೆ ಹೋಗಿ, ಬದಲಾಯಿಸಿದರೆ ಡಾಕ್ಟರಿಗೆ ಹೇಳಿ. ಅಂಕಿ ನೋಡಿ ನೀವೇ ಔಷಧಿ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ.

ಅಮ್ಮ, ಅತ್ತೆ, ಅಕ್ಕಂದಿರ ರಿಪೋರ್ಟುಗಳೂ ಬೀರುವಿನಲ್ಲಿ ಚದುರಿ ಬಿದ್ದಿರಬಹುದು. ಈ ಭಾನುವಾರ ಒಂದರ್ಧ ಗಂಟೆ ಕುಳಿತು ಜೋಡಿಸಿಡಿ. ರೇಡಿಯೋ ಹಚ್ಚಿಕೊಂಡೇ ಮಾಡಬಹುದಾದ ಕೆಲಸ ತಾನೆ!