ಮುಂದಿನ ಸಾಲಿನ ಗೆಳೆಯರು

ಮರಾಠಿ ರಂಗದ ಬಾಲಗಂಧರ್ವರ ಮಾತು ಬಂದರೆ ನಮ್ಮ ಬಾಗಲಕೋಟೆ ಕಡೆಯ ಹಳೇ ನಾಟಕದ ಹುಚ್ಚರು ಒಂದು ನಿಟ್ಟುಸಿರು ಬಿಟ್ಟೇ ಮುಂದಿನ ಮಾತು ಆಡುತ್ತಾರೆ: ‘ಭಾಳ ದೊಡ್ಡ ಮನಷ್ಯಾ. ಆ ಬಾಯಿ ಬಂದು ಹಾಳ ಮಾಡಿದ್ಲು ನೋಡ್ರಿ.’ ಆ ಬಾಯಿ ಅಂದರೆ ಗೋಹರಬಾಯಿ ಕರ್ನಾಟಕಿ. ನಮ್ಮ ಪಕ್ಕದ ಬೀಳಗಿಯ ಹೆಣ್ಣುಮಗಳು. 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದ ಅಮೀರ್‌ಬಾಯಿ ಕರ್ನಾಟಕಿಯ ಅಕ್ಕ. ಈ ಮಾತು ಹುಟ್ಟಿದ್ದು ಪುಣೆ, ಮುಂಬೈ ಕಡೆ, ಗಂಧರ್ವರ ಆಪ್ತರು ಮತ್ತು ಅಭಿಮಾನಿಗಳ ನಡುವೆ. ನಮ್ಮವರು ಅದನ್ನು ಹಾಗೇ ಎತ್ತಿಕೊಂಡರು. ನಮ್ಮೂರ ಹುಡುಗಿಯ ಬಗ್ಗೆ ಪರಊರವರು ಆಡಿದ್ದನ್ನು ಒಮ್ಮೆ ತಿರುಗಿಸಿ ನೋಡೋಣ ಅಂತ ಯಾರಿಗೂ ಅನಿಸಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಲೆಕ್ಕದ ಕಡತ ನೋಡಿಕೊಂಡೇ ನೌಕರಿ ಮುಗಿಸಿದವನು ನಾನು. ಯಾರಾದರೂ ಹಾಳಾದರು ಅಂದರೆ ಬಾಕಿ ಯಾವ ವರ್ಷದ್ದು ಅಂತ ಕೇಳುವ ಚಟ ಇನ್ನೂ ಬಿಟ್ಟಿಲ್ಲ. ಇನ್ನೊಂದು ಕಾರಣವೂ ಉಂಟು: ನನ್ನ ಹೆಂಡತಿ ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವಳು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕ ಆಗಲಿ.

ನಾರಾಯಣ ಶ್ರೀಪಾದ ರಾಜಹಂಸ ಎಂಬ ಬಾಲಗಂಧರ್ವರು ಹುಟ್ಟಿದ್ದು 1888ರಲ್ಲಿ. ಗಣಪತರಾವ್ ಬೋಡಸ್, ಗೋವಿಂದರಾವ್ ಟೇಂಬೆ ಜೊತೆ ಸೇರಿ 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಆ ಇಬ್ಬರೂ ಹೊರಬಿದ್ದರು. ಕಂಪನಿಯ ಖರ್ಚು ರಾಜದರ್ಬಾರಿನದು. ನಾಯಕಿ ಉಡುವ ಶಾಲು ಸೀರೆ ಅಸಲಿ ಜರಿಯದೇ ಆಗಬೇಕು, ಅತ್ತರು ಅಸಲಿಯದೇ ಆಗಬೇಕು. ಸಾಥಿಗೆ ತಬಲಾ ಹಿಡಿದು ಕೂಡುತ್ತಿದ್ದವರು ಅಹ್ಮದ್ ಜಾನ್ ಥಿರಕವಾ, ಸಾರಂಗಿಗೆ ಕಾದರ್ ಬಕ್ಷ್. ಅಂಥ ಉಸ್ತಾದರನ್ನು ನಾಟಕದ ಕಂಪನಿಯಲ್ಲಿ ಪಗಾರ ಕೊಟ್ಟು ಇಟ್ಟುಕೊಳ್ಳುವುದು ಹುಡುಗಾಟವಲ್ಲ. 1920ರ ದಶಕ ಬರುವ ಹೊತ್ತಿಗೆ ಕಂಪನಿಗೆ ಸಾಲ ಏರಿತ್ತು. 1931ಕ್ಕೆ ‘ಆಲಂ ಆರಾ’ ಬಂತು, ಪರದೆಯೇ ಮಾತಾಡತೊಡಗಿತು, ಟಿಕೇಟಿನ ಜನ ಸಿನಿಮಾದ ಕಡೆ ಹರಿದರು. 1935ರಲ್ಲಿ ಗಂಧರ್ವರೇ ಪ್ರಭಾತ್ ಕಂಪನಿಯ ‘ಧರ್ಮಾತ್ಮಾ’ ಚಿತ್ರದಲ್ಲಿ ಏಕನಾಥರ ಪಾತ್ರ ಮಾಡಿದರು. ಹೆಣ್ಣಾಗಿ ಲೋಕವನ್ನು ಮರುಳು ಮಾಡಿದವರನ್ನು ಗಂಡು ಪಾತ್ರದಲ್ಲಿ ನೋಡಲು ಜನ ಮುಗಿಬೀಳಲಿಲ್ಲ. ಅವರಿಗೂ ಆ ಕೆಲಸ ಒಗ್ಗಲಿಲ್ಲ, ತಿರುಗಿ ನಾಟಕಕ್ಕೇ ಬಂದರು.

ಗೋಹರಬಾಯಿ ಆ ಕಂಪನಿಯ ಬಾಗಿಲು ದಾಟಿದ್ದು 1938ರಲ್ಲಿ.

ಇಷ್ಟೇ ಲೆಕ್ಕ. ಮನೆ ಸೋರಲು ಶುರುವಾಗಿ ಹದಿನೈದು ವರ್ಷದ ಮೇಲೆ ಬಂದ ಸೊಸೆಯ ಮೇಲೆ ಮಳೆಯ ಅಪವಾದ ಹೊರಿಸಿದ ಹಾಗಾಯಿತು.

ಒಂದು ಮಾತು ಮಾತ್ರ ಒಪ್ಪಬೇಕು. ಆಕೆ ಬಂದಾಗ ಗಂಧರ್ವರ ಮೊದಲ ಹೆಂಡತಿ ಲಕ್ಷ್ಮೀಬಾಯಿ ಬದುಕಿದ್ದರು, ತೀರಿಕೊಂಡದ್ದು 1940ರಲ್ಲಿ. ಆ ಮನೆಯವರ ನೋವಿಗೆ ಕಾರಣವಿತ್ತು, ಅದನ್ನು ನಾನು ತೂಗಲು ಹೋಗುವುದಿಲ್ಲ. ನನ್ನ ತಕರಾರು ಗೆಳೆಯರದ್ದು. ಅವರ ಸಿಟ್ಟು ಲಕ್ಷ್ಮೀಬಾಯಿಯ ಸಲುವಾಗಿ ಹುಟ್ಟಿದ್ದರೆ ಗಂಧರ್ವರ ಮೇಲೂ ಬೀಳಬೇಕಿತ್ತಲ್ಲ? ಬೀಳಲಿಲ್ಲ. ಅವರು ‘ಪಾಪ, ಮುಗ್ಧರು’ ಆದರು, ಈಕೆ ‘ಬಲೆ ಹಾಕಿದವಳು’ ಆದಳು. 1951ರಲ್ಲಿ ಇಬ್ಬರೂ ಮದುವೆ ಮಾಡಿಕೊಂಡ ಮೇಲಂತೂ ಉಳಿದಿದ್ದ ಹಿತೈಷಿಗಳಲ್ಲಿ ಎಷ್ಟೋ ಜನ ದೂರ ಸರಿದರು. ಮುಸಲ್ಮಾನ ಹೆಂಗಸು, ಅದರ ಮೇಲೆ ಹಾಡುವ ಮನೆತನ. ಥಿರಕವಾ ಅವರ ತಬಲಾಕ್ಕೆ ಕೈ ಕೈ ಬಡಿದವರಿಗೆ, ಕಾದರ್ ಬಕ್ಷರ ಸಾರಂಗಿಗೆ ಕಣ್ಣೊರೆಸಿಕೊಂಡವರಿಗೆ ಅವರ ಧರ್ಮ ಒಂದು ದಿನವೂ ಅಡ್ಡ ಬರಲಿಲ್ಲ. ಸಾಥಿಯವರು ಮಂದಿಯ ಕಣ್ಣೆದುರು, ರಂಗದ ಕೆಳಗೆ ಕೂಡುತ್ತಾರೆ. ಹೆಂಡತಿ ಅಡುಗೆಮನೆಯಲ್ಲಿ ಕೂಡುತ್ತಾಳೆ. ವ್ಯತ್ಯಾಸ ಅಲ್ಲಿತ್ತು ಅಂತ ನನ್ನ ಊಹೆ.

ಇನ್ನೂ ಒಂದು ವಿಚಿತ್ರ ನೋಡಿ. ಗಂಧರ್ವರು ರಂಗದ ಮೇಲೆ ಸೀರೆ ಉಟ್ಟ ರೀತಿಯನ್ನು, ತುರುಬಿಗೆ ಹೂ ಮುಡಿದ ರೀತಿಯನ್ನು ಮರ್ಯಾದಸ್ಥ ಮನೆಗಳ ಹೆಣ್ಣುಮಕ್ಕಳು ನೋಡಿ ಕಲಿತರು. ಹೆಣ್ಣಿನ ಪಾತ್ರ ಮಾಡಿದ ಗಂಡಸು ಮನೆಮನೆಗೆ ಮಾದರಿಯಾದ. ಅದೇ ಪಾತ್ರಕ್ಕೆ ಹೆಣ್ಣು ನಿಂತರೆ ಆಕೆ ಮನೆಯೊಳಗೆ ಬರಬಾರದವಳು.

ನಮ್ಮ ಕಡೆಯೂ ಇದೇ ಕಥೆ. ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ವೀರನಾರಾಯಣ ಪ್ರಾಸಾದಿಕ ಕೃತಪುರ ನಾಟಕ ಮಂಡಳಿ ಕಟ್ಟಿದಾಗ ಹೆಣ್ಣು ಪಾತ್ರಕ್ಕೆ ಮೀಸೆ ಬೋಳಿಸಿದ ಹುಡುಗರೇ ಗತಿ. ಮುಂದೆ ಎಷ್ಟೋ ಕಾಲ ಹಾಗೇ ನಡೆಯಿತು. ಹೆಂಗಸರು ಕಂಪನಿಗೆ ಬಂದದ್ದು ಯಾವುದೋ ಸುಧಾರಣೆಯ ಭಾಷಣ ಕೇಳಿ ಅಲ್ಲ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ನಮ್ಮ ಬಿಜಾಪುರ, ಧಾರವಾಡ ಜಿಲ್ಲೆಗಳಿದ್ದ ಮುಂಬೈ ಪ್ರಾಂತದಲ್ಲಿ 1934ರಲ್ಲಿ ಕಾಯ್ದೆ ಬಂತು. ಹಾಡು, ಕುಣಿತ ಬಲ್ಲ ಮನೆತನದ ಹೆಣ್ಣುಮಕ್ಕಳಿಗೆ ಗುಡಿಯೂ ತಪ್ಪಿತು, ಸಾಹುಕಾರರ ಬೈಠಕ್ಕುಗಳೂ ಕಮ್ಮಿಯಾದವು. ಉಳಿದದ್ದು ನಾಟಕ, ಗ್ರಾಮೋಫೋನು, ಆಮೇಲೆ ಸಿನಿಮಾ. ಅವರು ಹೊಟ್ಟೆಗೆ ಬಂದರು, ವಿದ್ಯೆ ಜೊತೆಗೆ ಬಂತು. ಹಿಂದಿನ ಹೆಸರೂ ಬೆನ್ನು ಬಿಡದೆ ಬಂತು.

ಕಂಪನಿ ಮಾಲೀಕರು ತಮ್ಮ ನಾಯಕಿಯನ್ನೇ ಮದುವೆಯಾಗುವ ರೂಢಿ ಬೆಳೆದದ್ದು ಆಗಲೇ. ಗುಬ್ಬಿ ವೀರಣ್ಣನವರು ಬಿ. ಜಯಮ್ಮನವರನ್ನು ಮದುವೆಯಾದರು. ಏಣಗಿ ಬಾಳಪ್ಪನವರ ಜೊತೆ ನಟಿ ಲಕ್ಷ್ಮೀಬಾಯಿಯವರು ರಂಗದ ಮೇಲೂ ಸಂಸಾರದಲ್ಲೂ ಜೋಡಿಯಾದರು. ಇದರಲ್ಲಿ ಪ್ರೀತಿಯೂ ಇತ್ತು, ವ್ಯವಹಾರವೂ ಇತ್ತು, ಮುಚ್ಚಿಡುವುದೇನಿಲ್ಲ. ಕ್ಯಾಂಪ್ ನಡುವೆ ನಾಯಕಿ ಬೇರೆ ಕಂಪನಿಗೆ ಎದ್ದು ಹೋದರೆ ಮಾಲೀಕ ಆ ರಾತ್ರಿ ಬೋರ್ಡಿಗೆ ಬರೆಯುವ ನಾಟಕವೇ ಇಲ್ಲ. ನಲವತ್ತು, ಐವತ್ತು ಜನರ ಊಟ ಆ ಒಬ್ಬ ಹೆಣ್ಣುಮಗಳ ಕಂಠದ ಮೇಲೆ ನಿಂತಿರುತ್ತಿತ್ತು. ಹೊರಗಿನವರಿಗೆ ಇದು ‘ನಾಟಕದವಳನ್ನು ಇಟ್ಟುಕೊಂಡ’ ಅಂತ ಕಂಡಿತು. ಕಂಪನಿಯ ಒಳಗೆ ಆಕೆ ಯಜಮಾನತಿ: ಪಗಾರ ಬಟವಾಡೆ, ಅಡುಗೆಯ ಸಾಮಾನು, ಹೊಸ ಹುಡುಗಿಗೆ ತಾಲೀಮು, ಎಲ್ಲ ಆಕೆಯ ಕೈಯಲ್ಲಿ.

ಸಂಗೀತದವರ ಪಾಡು ಬೇರೆ ಇರಲಿಲ್ಲ. ಧಾರವಾಡದ ಹುಡುಗಿ ಗಂಗೂಬಾಯಿ ಹಾನಗಲ್ 1929ರಲ್ಲಿ, ತಮ್ಮ 16ನೇ ವಯಸ್ಸಿನಲ್ಲಿ, ಬ್ರಾಹ್ಮಣ ವಕೀಲ ಗುರುರಾವ್ ಕೌಲಗಿಯವರ ಕೈ ಹಿಡಿದರು. ಓಣಿಯಲ್ಲಿ ನಡೆದು ಹೋದರೆ ‘ಗಾನೇವಾಲಿ’ ಅಂತ ಹಿಂದಿನಿಂದ ಕೂಗುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಚಿಕ್ಕಂದಿನಲ್ಲಿ ನೆರೆಯವರ ತೋಟದ ಮಾವಿನಹಣ್ಣು ಕಿತ್ತಾಗ, ಹಾಡುವವಳ ಮಗಳು ನಮ್ಮ ತೋಟದೊಳಗೆ ಬಂದಳಲ್ಲ ಅಂತ ಆ ಮನೆಯವರು ರೇಗಿದ್ದನ್ನೂ ಹೇಳಿದ್ದಾರೆ. ಅಂಥವರೇ ಮುಂದೆ ಮನೆಗೆ ಕರೆದು ಉಪಚಾರ ಮಾಡಿದ್ದನ್ನು ಕೂಡ.

ಇನ್ನು ನನ್ನ ಸಂಗತಿ. 1970ರ ದಶಕದಲ್ಲಿ ಬಾದಾಮಿ ಬನಶಂಕರಿ ಜಾತ್ರೆ ಅಂದರೆ ನಮ್ಮ ಗೆಳೆಯರ ಗುಂಪಿಗೆ ವರ್ಷದ ಹಬ್ಬ. ಬನದ ಹುಣ್ಣಿಮೆಯ ತೇರು ಎಳೆದ ಮೇಲೆ ಸಾಲಾಗಿ ತಗಡಿನ ಥೇಟರುಗಳು, ಒಂದರ ಪಕ್ಕ ಒಂದು ಕಂಪನಿ, ಮೈಕಿನಲ್ಲಿ ಒಬ್ಬರ ಮೇಲೊಬ್ಬರು ಕೂಗುವ ಜಾಹೀರಾತು. ನಾವು ರಾತ್ರಿ ಮೊದಲ ಆಟ ಒಂದು ಕಂಪನಿಯಲ್ಲಿ, ಎರಡನೇ ಆಟ ಇನ್ನೊಂದರಲ್ಲಿ ನೋಡಿ, ಬೆಳಗಿನ ಜಾವ ಮಿರ್ಚಿ, ಮಂಡಕ್ಕಿ ತಿಂದು ಬಸ್ಸು ಹತ್ತುತ್ತಿದ್ದೆವು. ಯಾವಾಗಲೂ ಮುಂದಿನ ಸಾಲಿನ ಖುರ್ಚಿ. ನಾಯಕಿಯಾಗಿದ್ದವಳು ಗಂಡನ ಶವದ ಮುಂದೆ ಹಾಡಿದಾಗ ನನಗಿಂತ ಜಾಸ್ತಿ ಅತ್ತವನು ನನ್ನ ಪಕ್ಕ ಕೂತಿದ್ದ ಗೆಳೆಯ. ‘ಒನ್ಸ್ ಮೋರ್’ ಅಂದವನೂ ಅವನೇ. ಎರಡು ವರ್ಷದ ಮೇಲೆ ಅವಳನ್ನೇ ಮದುವೆಯಾಗುತ್ತೇನೆ ಅಂದಾಗ ಮೊದಲು ಬೇಡವೆಂದವನೂ ಅವನೇ. ‘ನಿನ್ನ ಚೊಲೋದಕ್ಕ ಹೇಳಾಕತ್ತೇನಿ. ನೋಡಾಕ ಬ್ಯಾರೆ, ಮನಿಗಿ ತರಾಕ ಬ್ಯಾರೆ.’

ಮದುವೆಯಾದ ಮೇಲೆ ಯಾರೂ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಉತ್ತರ ಕೊಡಬಹುದಿತ್ತು. ನನ್ನ ಗೆಳೆಯನೊಬ್ಬನ ಮನೆಯಲ್ಲಿ ಸೊಸೆಯ ಕುಬಸ. ಇಬ್ಬರೂ ಹೋದೆವು. ಹೆಂಗಸರ ನಡುವೆ ಇವಳಿಗೆ ಜಮಖಾನೆಯ ಮೇಲೆ ಒಳ್ಳೆಯ ಜಾಗವನ್ನೇ ಕೊಟ್ಟರು. ‘ನಿಮ್ಮ ಧ್ವನಿ ಭಾಳ ಚಂದೈತ್ರಿ, ನೀವ ಹಾಡಬೇಕ್ರಿ’ ಅಂತ ಒತ್ತಾಯ ಮಾಡಿದರು. ಇವಳು ಹಾಡಿದಳು. ಆರತಿ ಎತ್ತಲು ಐದು ಜನ ಮುತ್ತೈದೆಯರನ್ನು ಕರೆಯುವಾಗ ಮನೆಯ ಹಿರಿಯಾಕೆ ಸಾಲಾಗಿ ಬೆರಳು ಮಾಡುತ್ತ ಬಂದಳು: ನೀ ಬಾರವ್ವ, ನೀ ಬಾ. ಇವಳ ಹತ್ತಿರ ಬಂದಾಗ ಬೆರಳು ತುಸು ಮೇಲೆದ್ದು, ದಾಟಿ, ಹಿಂದೆ ಕೂತಿದ್ದವಳ ಮೇಲೆ ಇಳಿಯಿತು. ಆರತಿ ನಡೆದಷ್ಟು ಹೊತ್ತೂ ಇವಳು ಆರತಿಯ ಹಾಡು ಹಾಡುತ್ತಲೇ ಇದ್ದಳು, ಒಂದು ಸ್ವರ ಆಚೀಚೆ ಆಗಲಿಲ್ಲ. ಪಡಸಾಲೆಯಲ್ಲಿ ಗಂಡಸರ ಜೊತೆ ಕೂತಿದ್ದ ನನಗೆ ಬಾಗಿಲಿನಿಂದ ಅಷ್ಟೂ ಕಂಡಿತು.

ಇವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ಬರುವಾಗ ನಾನೇ ಮಾತು ತೆಗೆದೆ. ಇವಳು ನಕ್ಕಳು. ‘ಬಿಡ್ರಿ. ಟಿಕೇಟ ತಗೊಂಡು ಕುಂತಾಗ ಭಾಳ ಚೊಲೋ ಮಂದಿ ಅವರು.’

ಮರುವಾರ ಆ ಗೆಳೆಯನಿಗೆ ನೇರ ಹೇಳಿದೆ: ಕರೆಯುವುದಾದರೆ ಇಬ್ಬರನ್ನೂ ಪೂರ್ತಿ ಕರಿ, ಅರ್ಧ ಕರೆಯಬೇಡ. ಅವನು ನನ್ನ ಮುಖವನ್ನೇ ನೋಡಿ, ‘ಇದು ನಿನ್ನ ಮಾತಲ್ಲ’ ಅಂದ. ಅಂದರೆ ಅವಳು ಕಲಿಸಿಕೊಟ್ಟದ್ದು. ಇಂಥ ಗೆಳೆಯರ ಜೊತೆ ಇದೇ ತೊಡಕು. ಗಂಡ ಸುಮ್ಮನಿದ್ದರೆ ಅವಳ ಹಿಡಿತದಲ್ಲಿದ್ದಾನೆ. ಮಾತಾಡಿದರೆ ಅವಳೇ ಆಡಿಸುತ್ತಿದ್ದಾಳೆ. ಗಂಧರ್ವರ ಹಿತೈಷಿಗಳೂ ಹೀಗೇ ಆಡಿಕೊಂಡರು: ಅವರು ಭೇಟಿಗೆ ಸಿಗದಿದ್ದರೆ ಬಾಯಿ ಬಿಡಲಿಲ್ಲ, ಸಿಕ್ಕು ಸಾಲ ಕೇಳಿದರೆ ಬಾಯಿ ಕಳಿಸಿದಳು. ವಯಸ್ಸಾದ ಮೇಲೆ ಗಂಧರ್ವರ ಕಾಲುಗಳ ಶಕ್ತಿ ಹೋಯಿತು, ಎದ್ದು ನಿಲ್ಲಲಾಗದೆ ಕೂತೇ ಹಾಡುವ ಸ್ಥಿತಿ ಬಂತು. ಆಗ ಅವರ ದೇಹದ ಚಾಕರಿ ಮಾಡಿದವಳು ಗೋಹರಬಾಯಿ. ಅದನ್ನು ಯಾವ ಹಿತೈಷಿಯೂ ‘ಅವಳೇ ಕಲಿಸಿದ್ದು’ ಅನ್ನಲಿಲ್ಲ.

ನಾನು ನಾಲ್ಕಾರು ಮನೆಗಳಿಗೆ ಹೋಗುವುದು ಬಿಟ್ಟೆ. ಸಭೆ ಕರೆದು ಸಾರಲಿಲ್ಲ, ಸುಮ್ಮನೆ ಬಿಟ್ಟೆ. ಅವರು ನಮ್ಮ ಮನೆಗೆ ಬಂದರೆ ಚಹಾ ಮಾಡಿ ತಂದುಕೊಡುವವನು ನಾನೇ, ಅವಳನ್ನು ಪಕ್ಕದ ಖುರ್ಚಿಯಲ್ಲಿ ಕೂರಿಸಿ. ಇದು ಕೆಲವರಿಗೆ ಬಹಳ ಕಸಿವಿಸಿ ಮಾಡಿತು. ಮೂವರು ಬರುವುದು ನಿಲ್ಲಿಸಿದರು, ಒಬ್ಬ ಮಾತ್ರ ಹೆಂಡತಿಯನ್ನೂ ಕರೆದುಕೊಂಡು ಬರತೊಡಗಿದ. ಆ ಹೆಂಗಸು ಮೂರನೇ ಸಲ ಬಂದಾಗ ಅಡುಗೆಮನೆಗೆ ತಾನೇ ಎದ್ದು ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ನನ್ನ ಲೆಕ್ಕದಲ್ಲಿ ಲಾಭ ಅದೊಂದೇ, ಆದರೆ ಸಣ್ಣದಲ್ಲ.

ಗೋಹರಬಾಯಿ ತೀರಿಕೊಂಡದ್ದು 1964ರಲ್ಲಿ. ಗಂಧರ್ವರಿಗೆ ಪದ್ಮಭೂಷಣ ಬಂದದ್ದೂ ಅದೇ ವರ್ಷ. 1967ರಲ್ಲಿ ಅವರು ಹೋದರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ದೊಡ್ಡ ರಂಗಮಂದಿರ ತೆರೆಯಿತು. ಅಮೀರ್‌ಬಾಯಿಯ ಮೇಲೆ ರಹಮತ್ ತರೀಕೆರೆಯವರು ಕನ್ನಡದಲ್ಲಿ ಇಡೀ ಪುಸ್ತಕವನ್ನೇ ಬರೆದಿದ್ದಾರೆ, ಅದರಿಂದ ತಂಗಿಗೆ ನ್ಯಾಯ ಸಿಕ್ಕಿತು. ಅಕ್ಕನ ಹೆಸರು ಎತ್ತಿದರೆ ನಮ್ಮವರಿಗೆ ಇನ್ನೂ ಆ ನಿಟ್ಟುಸಿರೇ ಮೊದಲು.

ಹಳೇ ಬಾಗಲಕೋಟೆಗೆ ಆಲಮಟ್ಟಿಯ ಹಿನ್ನೀರು ಬಂದು ನಾವೆಲ್ಲ ನವನಗರದ ಸೆಕ್ಟರುಗಳಿಗೆ ಚದುರಿದೆವು. ‘ನೋಡಾಕ ಬ್ಯಾರೆ’ ಅಂದಿದ್ದ ಗೆಳೆಯ ಈಗ ಎರಡು ಸೆಕ್ಟರು ಆಚೆ ಇದ್ದಾನೆ. ಕಳೆದ ವರ್ಷ ಮೊಮ್ಮಗಳ ಕೈ ಹಿಡಿದುಕೊಂಡು ಬಂದ. ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗಿ ಒಂದು ರಂಗಗೀತೆ ಹಾಡಬೇಕಂತೆ, ‘ವಹಿನಿಯವರು ಕಲಿಸಿದರ ಚೊಲೋ ಆಕ್ಕೈತಿ’ ಅಂದ. ಇವಳು ಹುಡುಗಿಗೆ ಸಾ ಹಿಡಿಸಿ ನೋಡಿದಳು, ಗಂಟಲು ಚೆನ್ನಾಗಿದೆ ಅಂದಳು. ಆಮೇಲೆ ಗೆಳೆಯನ ಕಡೆ ತಿರುಗಿ, ‘ಕಂಪನಿ ಪದ್ಧತಿ ಗೊತ್ತೈತಲ್ಲರಿ ಭಾವಾರ, ಅಡ್ವಾನ್ಸ್ ಆದ ಮ್ಯಾಲೆ ತಾಲೀಮು’ ಅಂತ ಕೈ ಚಾಚಿದಳು. ಅವನು ನಗುತ್ತಾಳೋ ಏನೋ ಅಂತ ತುಸು ಹೊತ್ತು ಕಾದ. ನಗಲಿಲ್ಲ. ಕಿಸೆಯಿಂದ ಐನೂರರ ನೋಟು ತೆಗೆದ. ಅವಳು ಎಣಿಸುವುದಕ್ಕೇನೂ ಇಲ್ಲದಿದ್ದರೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಹಾರ್ಮೋನಿಯಂ ಪೆಟಗಿ ತರಲು ಹೇಳಿದಳು.