ವೂಟಾಖ್ ನದಿಯ ಪಾತ್ರ: ಒಂದು ಭೂ ಇತಿಹಾಸ

ನೈಋತ್ಯ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲಿನಲ್ಲಿ ಹುಟ್ಟುವ ವೂಟಾಖ್, ರೈನ್ ನದಿಯ ಬಲದಂಡೆಯ ಉಪನದಿ. ಉದ್ದ ಸುಮಾರು 90 ಕಿ.ಮೀ. 1,493 ಮೀಟರ್ ಎತ್ತರದ ಫೆಲ್ಟ್‌ಬರ್ಗ್ ಬೆಟ್ಟದ ಮಗ್ಗುಲಿನ ಫೆಲ್ಟ್‌ಜೇ ಸರೋವರದಿಂದ ಜೇಬಾಖ್ ಎಂಬ ತೊರೆಯಾಗಿ ಹೊರಟು, ಟಿಟಿಜೇ ಸರೋವರವನ್ನು ಹಾದು ಗೂಟಾಖ್ ಆಗಿ, ಹಾಸ್ಲಾಖ್ ಕೂಡಿದ ಮೇಲೆ ವೂಟಾಖ್ ಎನಿಸಿಕೊಳ್ಳುತ್ತದೆ. ಅಲ್ಲಿಂದ ಅದು ಡ್ಯಾನ್ಯೂಬ್ ಕಡೆಗೇ ಹೊರಟಂತೆ ಪೂರ್ವಕ್ಕೆ ಸಾಗುತ್ತದೆ. ಆದರೆ ಬ್ಲುಮ್‌ಬರ್ಗ್ ಪಟ್ಟಣದ ಕೆಳಗಿನ ಆಖ್‌ಡಾರ್ಫ್ ಬಳಿ ಥಟ್ಟನೆ ನೈಋತ್ಯಕ್ಕೆ ತಿರುಗಿ, ವಾಲ್ಡ್ಸ್‌ಹೂಟ್-ಟೀಂಗನ್‌ನಲ್ಲಿ ರೈನ್ ಸೇರುತ್ತದೆ. ಈ ನದಿಯ ಇತಿಹಾಸವೆಲ್ಲ ಈ ತಿರುವಿನಲ್ಲಿದೆ. ಮೇಲಿನ ವೂಟಾಖ್ ಮೂಲತಃ ಡ್ಯಾನ್ಯೂಬಿನದು. ಕಳೆದ ಹಿಮಯುಗದಲ್ಲಿ, ಇಂದಿಗೆ ಸುಮಾರು 20,000 ವರ್ಷಗಳ ಹಿಂದೆ, ಅದು ರೈನ್ ಪಾಲಾಯಿತು.

ಇದಕ್ಕೆ ಸಾಕ್ಷಿ ಬ್ಲುಮ್‌ಬರ್ಗ್‌ನ ಪೂರ್ವಕ್ಕಿರುವ ಐಟ್ರಾಖ್ ಕಣಿವೆ. ಡ್ಯಾನ್ಯೂಬ್ ಸೇರುವ ಐಟ್ರಾಖ್ ಇಂದು ಸಣ್ಣ ತೊರೆ, ಅದರ ಕಣಿವೆ ಮಾತ್ರ ದೊಡ್ಡ ನದಿಯೊಂದಕ್ಕೆ ಸಾಲುವಷ್ಟು ಅಗಲ. ಹಿಂದೆ ಮಳೆಯೇ ಹೆಚ್ಚಾಗಿದ್ದು ಇದೇ ತೊರೆ ಕಣಿವೆಯನ್ನು ಕೊರೆದಿರಬಹುದಲ್ಲವೇ ಎಂದು ಕೇಳಬಹುದು. ಅಗಲವೊಂದೇ ಆಧಾರವಾಗಿದ್ದರೆ ಈ ಸಂದೇಹಕ್ಕೆ ಬಲವಿರುತ್ತಿತ್ತು. ಆದರೆ ಸುಣ್ಣಕಲ್ಲಿನ ಈ ಸೀಮೆಯಲ್ಲಿ ಬ್ಲ್ಯಾಕ್ ಫಾರೆಸ್ಟಿನ ಗ್ರಾನೈಟ್, ನೈಸ್ ಶಿಲೆಗಳ ಉರುಟುಗಲ್ಲುಗಳು ಸಿಗುತ್ತವೆ. ಆ ಶಿಲೆಗಳ ನೆಲವನ್ನೇ ಮುಟ್ಟದ ತೊರೆ ಅವನ್ನು ಹೊತ್ತು ತರಲಾರದು.

ನದಿ ಕೈತಪ್ಪಿದ್ದು ಹೇಗೆ ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ರೈನ್ ಕಡೆಯ ಹೊಳೆಯೊಂದು ತನ್ನ ತಲೆಯ ಕಡೆಗೆ ನೆಲ ಕೊರೆಯುತ್ತ ಬಂದು ನೆರೆಯ ನದಿಯನ್ನು ಸೆಳೆದುಕೊಂಡಿತು ಎಂಬುದು ನದಿ ಅಪಹರಣದ ರೂಢಿಯ ವಿವರಣೆ. ಇಲ್ಲಿ ಅದಷ್ಟೇ ಸಾಲದು. ಹಿಮನದಿಗಳ ಕರಗುನೀರು ಹೊತ್ತು ತಂದ ಜಲ್ಲಿ ಕಣಿವೆಯ ತಳವನ್ನು ಏರಿಸುತ್ತ ಹೋದಾಗ, ನೀರು ತಗ್ಗಾದ ದಕ್ಷಿಣದ ಅಂಚನ್ನು ಉಕ್ಕಿ ದಾಟಿತು ಎಂದೂ ಒಪ್ಪಬೇಕಾಗುತ್ತದೆ. ಈ ಎರಡು ವಿವರಣೆಗಳು ಪರಸ್ಪರ ವಿರೋಧಿಗಳಲ್ಲ: ಕೊರೆತ ಅಂಚನ್ನು ಸವೆಸಿತು, ಜಲ್ಲಿ ನದಿಯನ್ನು ಆ ಅಂಚಿನ ಮಟ್ಟಕ್ಕೆ ಎತ್ತಿತು. ದಾಟಿದ ಮೇಲೆ ಹಿಂದಿರುಗುವ ಮಾತಿರಲಿಲ್ಲ, ಏಕೆಂದರೆ ರೈನ್ ಕಣಿವೆ ಹತ್ತಿರದಲ್ಲೇ ನೂರಾರು ಮೀಟರ್ ಆಳದಲ್ಲಿದೆ.

ಆ ಕಡಿದಾದ ಇಳಿಜಾರೇ ವೂಟಾಖ್ ಕಮರಿಯನ್ನು ಕೊರೆಯಿತು. ಹಳೆಯ ಪಾತ್ರದಿಂದ 150 ಮೀಟರಿಗೂ ಹೆಚ್ಚು ಕೆಳಗಿಳಿದಿರುವ ನದಿ, ಕಮರಿಯ ಸುಣ್ಣಕಲ್ಲಿನ ಭಾಗದಲ್ಲಿ ನೆಲದೊಳಗೆ ಇಂಗಿ ಮುಂದೆ ಮತ್ತೆ ಮೇಲೇಳುತ್ತದೆ. 1939ರಲ್ಲಿ ಕಮರಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆದರೂ 1950ರ ದಶಕದಲ್ಲಿ ಜಲವಿದ್ಯುತ್ತಿಗಾಗಿ ಇಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಬಂತು. ಸ್ಥಳೀಯರ ಭಾರೀ ಸಹಿ ಚಳವಳಿಯ ನಂತರ ಅದನ್ನು ಕೈಬಿಡಲಾಯಿತು. ಕಮರಿಯ ಗೋಡೆಗಳು ಇಂದಿಗೂ ಕುಸಿಯುತ್ತಿವೆ, ಕಾಲುದಾರಿಗಳನ್ನು ಆಗಾಗ ಸರಿಪಡಿಸಬೇಕಾಗುತ್ತದೆ.